ನಾಲ್ಕು ನಿಮಿಷ ಸಾಕೆ? – ದೋಣಿಯ ಇಂಧನ ಟ್ಯಾಂಕು ಮತ್ತು ಎಚ್ಚರಿಕೆಯ ಮಾತುಗಳ ವಿಮರ್ಶೆ

ಪ್ರತಿವರ್ಷ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನಗಳ ಕಾಲ, ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಮಂಗಳೂರು, ಮಲ್ಪೆ, ಗಂಗೊಳ್ಳಿ, ಕಾರವಾರಗಳಲ್ಲಿ ಬೋಟುಗಳು ದಡ ಸೇರುತ್ತವೆ. ಎಂಜಿನ್ ಬಿಚ್ಚುವುದು, ತುಕ್ಕು ಹಿಡಿದ ತಗಡು ಬದಲಿಸುವುದು, ಬಣ್ಣ ಬಳಿಯುವುದು ಮುಂತಾದ ದುರಸ್ತಿಗಳಿಗೆ ಇದೇ ಸಮಯ. ಸೋರುವ ಇಂಧನ ಟ್ಯಾಂಕಿಗೆ ತೇಪೆ ಹಾಕುವುದೂ ಆ ಪಟ್ಟಿಯಲ್ಲಿ ಸೇರಿದೆ. ನೋಡುವುದಕ್ಕೆ ಇದು ಚಿಕ್ಕ ಕೆಲಸ. ಆದರೆ ಬೋಟಿನಲ್ಲಿ ನಡೆಯುವ ದುರಸ್ತಿಗಳ ಪೈಕಿ ಇಷ್ಟು ಬೇಗ ಪ್ರಾಣಕ್ಕೆ ಎರವಾಗಬಲ್ಲ ಕೆಲಸ ಬೇರೊಂದಿಲ್ಲ.

ಅಪಾಯ ಯಾರಿಗೂ ಗೊತ್ತಿಲ್ಲವೆಂದಲ್ಲ. ಇದರ ಬಗ್ಗೆ ಎಚ್ಚರಿಕೆಯ ಮಾತುಗಳು ಬೇಕಾದಷ್ಟಿವೆ. ಕೆಲವು ವಿದೇಶದಿಂದ ಅಚ್ಚಾಗಿ ಬಂದವು, ಕೆಲವು ದುರಸ್ತಿ ಅಂಗಳದಲ್ಲಿ ಬಾಯಿಂದ ಬಾಯಿಗೆ ಬಂದವು. ಕಥೆ, ಕವನ, ಪಠ್ಯಪುಸ್ತಕಗಳನ್ನು ವಿಮರ್ಶೆಗೆ ಒಳಪಡಿಸುವ ನಾವು ಈ ಎಚ್ಚರಿಕೆಗಳನ್ನು ಮಾತ್ರ ಹಾಗೆಯೇ ಒಪ್ಪಿಕೊಂಡುಬಿಡುತ್ತೇವೆ. ಅದು ಸರಿಯಲ್ಲ. ಎಚ್ಚರಿಕೆಯೂ ಒಂದು ಬರಹ. ಅದನ್ನು ಯಾರಿಗಾಗಿ, ಯಾವ ಸಂದರ್ಭಕ್ಕಾಗಿ, ಯಾವ ಇಂಧನವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯಲಾಗಿದೆ ಎಂದು ಕೇಳಲೇಬೇಕು. ಹೀಗೆ ಕೇಳಿದಾಗ ನಮ್ಮಲ್ಲಿ ಓಡಾಡುವ ಹಲವು ಮಾತುಗಳು ಬೇರೆ ಸಂದರ್ಭದವು, ಬೇರೆ ಇಂಧನದವು ಎಂಬುದು ಸ್ಪಷ್ಟವಾಗುತ್ತದೆ. ಓದುಗರೇ, ಅವುಗಳನ್ನು ಒಂದೊಂದಾಗಿ ಪರಿಶೀಲಿಸೋಣ.

ಒಂದು ಚೀಟಿ, ನಾಲ್ಕು ನಿಮಿಷ

ದೋಣಿಗಳ ಇಂಧನ ಆವಿಯ ಬಗ್ಗೆ ಬಹುಶಃ ಅತಿ ಹೆಚ್ಚು ಪ್ರಚಾರ ಪಡೆದ ಎಚ್ಚರಿಕೆ ಅಮೆರಿಕದ ಕೋಸ್ಟ್ ಗಾರ್ಡ್ ನಿಯಮಗಳಲ್ಲಿದೆ. ಪೆಟ್ರೋಲ್ ಎಂಜಿನ್ನನ್ನು ಒಡಲಿನೊಳಗೆ ಕೂರಿಸಿದ ದೋಣಿಗಳಲ್ಲಿ ಗಾಳಿ ಹೊರಗೆಳೆಯುವ ಬ್ಲೋವರ್ ಇರಬೇಕು, ಅದರ ಸ್ವಿಚ್ಚಿನ ಬಳಿ ಒಂದು ಚೀಟಿ ಅಂಟಿಸಿರಬೇಕು ಎಂಬುದು ಅಲ್ಲಿನ ಕಾನೂನು. ಪೆಟ್ರೋಲ್ ಆವಿ ಸ್ಫೋಟಿಸಬಹುದು. ಎಂಜಿನ್ ಚಾಲೂ ಮಾಡುವ ಮೊದಲು ಕನಿಷ್ಠ ನಾಲ್ಕು ನಿಮಿಷ ಬ್ಲೋವರ್ ನಡೆಸಿ, ಬಳಿಕ ಎಂಜಿನ್ ಕೋಣೆಯ ತಳದಲ್ಲಿ ಆವಿ ಇದೆಯೇ ಎಂದು ಪರೀಕ್ಷಿಸಿ ಎಂಬುದು ಆ ಚೀಟಿಯ ಸಾರಾಂಶ.

ಮೊದಲು ಇದರ ಗುಣವನ್ನು ಹೇಳೋಣ. ಪೆಟ್ರೋಲ್ ಆವಿ ಗಾಳಿಗಿಂತ ಮೂರರಿಂದ ನಾಲ್ಕು ಪಟ್ಟು ಭಾರ. ಅದು ಮೇಲೇರಿ ಚದುರುವುದಿಲ್ಲ. ನೀರಿನಂತೆ ಕೆಳಕ್ಕೆ ಹರಿದು ದೋಣಿಯ ತಳದಲ್ಲಿ ನಿಲ್ಲುತ್ತದೆ. ಕಾರು ಅಥವಾ ಬೈಕಿನಲ್ಲಿ ಸೋರಿದ ಆವಿ ರಸ್ತೆಗೆ ಇಳಿದು ಹೋಗುತ್ತದೆ. ದೋಣಿಯಾದರೋ ನೀರು ಒಳಬರದಂತೆ ಕಟ್ಟಿದ ಪಾತ್ರೆ. ಒಳಗಿನದು ಹೊರಹೋಗುವುದಕ್ಕೂ ಅಲ್ಲಿ ದಾರಿಯಿಲ್ಲ. ಆದ್ದರಿಂದಲೇ ಬ್ಲೋವರಿನ ಹೀರುಕೊಳವೆಯ ಬಾಯಿ ಕೋಣೆಯ ಕೆಳಗಿನ ಮೂರನೆಯ ಒಂದು ಭಾಗದಲ್ಲಿ, ಆದರೆ ತಳದಲ್ಲಿ ನಿಲ್ಲುವ ನೀರಿಗಿಂತ ಮೇಲೆ ಇರಬೇಕೆಂದು ಅದೇ ನಿಯಮ ವಿಧಿಸುತ್ತದೆ. ಚೀಟಿ ‘ತಳದಲ್ಲಿ ಪರೀಕ್ಷಿಸಿ’ ಎನ್ನುವುದೂ ಇದೇ ಕಾರಣಕ್ಕೆ. ಭೌತವಿಜ್ಞಾನವನ್ನು ಅರಿತು ಬರೆದ ಮಾತು ಅದು.

ಈಗ ದೋಷಗಳು. ಮೊದಲನೆಯದು, ಅದು ನಿಮಿಷಗಳನ್ನು ಹೇಳುತ್ತದೆ, ಗಾಳಿಯ ಬದಲಾವಣೆಯನ್ನು ಹೇಳುವುದಿಲ್ಲ. ಒಂದು ಲೆಕ್ಕ ನೋಡಿ. ನಿಮಿಷಕ್ಕೊಮ್ಮೆ ಕೋಣೆಯ ಗಾಳಿಯಷ್ಟನ್ನು ಹೊರಗೆಳೆಯುವ ಬ್ಲೋವರ್ ಇದ್ದರೆ ನಾಲ್ಕು ನಿಮಿಷದ ಕೊನೆಗೆ ಮೊದಲಿದ್ದ ಆವಿಯ ಸುಮಾರು ಶೇ. 2 ಮಾತ್ರ ಉಳಿಯುತ್ತದೆ. ಕೋಣೆ ದೊಡ್ಡದಾಗಿ, ಬ್ಲೋವರ್ ಚಿಕ್ಕದಾಗಿ, ಅದೇ ಕೆಲಸಕ್ಕೆ ನಾಲ್ಕು ನಿಮಿಷ ಹಿಡಿಯುವಂತಿದ್ದರೆ ಶೇ. 37ರಷ್ಟು ಆವಿ ಉಳಿದೇ ಇರುತ್ತದೆ. ಆರಂಭದಲ್ಲಿ ಗಾಳಿಯ ಶೇ. 5ರಷ್ಟು ಆವಿ ಇತ್ತೆಂದಿಟ್ಟುಕೊಂಡರೆ ನಾಲ್ಕು ನಿಮಿಷದ ನಂತರವೂ ಶೇ. 1.8 ಇರುತ್ತದೆ. ಅದು ಸ್ಫೋಟಿಸಬಲ್ಲ ಪ್ರಮಾಣವೇ. ಮೂಲೆಗಳಲ್ಲಿ, ಅಡ್ಡಹಲಗೆಗಳ ಹಿಂದೆ ಗಾಳಿ ಆಡುವುದು ಇನ್ನೂ ಕಡಿಮೆ ಎಂಬುದನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ.

ಎರಡನೆಯ ದೋಷ ಹೆಚ್ಚು ಗಂಭೀರವಾದದ್ದು. ಅದು ಚೀಟಿಯದ್ದಲ್ಲ, ಚೀಟಿಯನ್ನು ಬಳಸುವ ನಮ್ಮದು. ನಾಲ್ಕು ನಿಮಿಷದ ಮಾತು ಇರುವುದು ಎಂಜಿನ್ ಚಾಲೂ ಮಾಡುವ ಕ್ಷಣಕ್ಕೆ. ಅಲ್ಲಿ ಟ್ಯಾಂಕು ಮುಚ್ಚಿದೆ, ಕೊಳವೆಗಳು ಭದ್ರವಾಗಿವೆ, ಒಂದಿಷ್ಟು ಆವಿ ಎಲ್ಲಿಂದಲೋ ಬಂದು ನಿಂತಿರಬಹುದು ಎಂಬ ಊಹೆ ಇದೆ. ಟ್ಯಾಂಕನ್ನೇ ಬಿಚ್ಚಿ ದುರಸ್ತಿ ಮಾಡುವಾಗ ಸಂದರ್ಭ ಬೇರೆ. ತೆರೆದ ಬಾಯಿಯಿಂದ, ಕಳಚಿದ ಕೊಳವೆಯಿಂದ, ತಳದ ಕೆಸರಿನಿಂದ ಆವಿ ಬರುತ್ತಲೇ ಇರುತ್ತದೆ. ಬ್ಲೋವರ್ ಓಡುವಷ್ಟು ಹೊತ್ತು ಪ್ರಮಾಣ ಇಳಿದಂತೆ ಕಾಣುತ್ತದೆ, ನಿಲ್ಲಿಸಿದೊಡನೆ ಮತ್ತೆ ಏರುತ್ತದೆ. ಸೋರುವ ಕೊಡವನ್ನು ಹಾಗೇ ಇಟ್ಟು ನೆಲ ಒರೆಸಿದಂತೆ. ಆವಿಯ ಮೂಲ ಉಳಿದಿರುವವರೆಗೆ ನಾಲ್ಕು ನಿಮಿಷಕ್ಕೂ ನಲವತ್ತು ನಿಮಿಷಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ.

ಖಾಲಿ ಟ್ಯಾಂಕು ಎಂಬ ಭ್ರಮೆ

ಬಾಯಿಮಾತಿನ ಎಚ್ಚರಿಕೆಗಳಲ್ಲಿ ಮೊದಲನೆಯದು: ‘ಟ್ಯಾಂಕು ಖಾಲಿ ಮಾಡಿಕೊಂಡು ವೆಲ್ಡಿಂಗ್ ಮಾಡು.’ ಕೇಳಲು ಸರಿಯಾಗಿಯೇ ಇದೆ. ಆದರೆ ದ್ರವ ಖಾಲಿಯಾಗಿದೆ ಎಂದರೆ ಟ್ಯಾಂಕು ಖಾಲಿಯಾಗಿದೆ ಎಂದಲ್ಲ.

ಉರಿಯುವುದು ದ್ರವ ಪೆಟ್ರೋಲ್ ಅಲ್ಲ, ಗಾಳಿಯೊಡನೆ ಬೆರೆತ ಅದರ ಆವಿ. ಆ ಬೆರಕೆಗೂ ಮಿತಿಗಳಿವೆ. ಆವಿಯ ಪ್ರಮಾಣ ಸುಮಾರು ಶೇ. 1.4ಕ್ಕಿಂತ ಕಡಿಮೆಯಿದ್ದರೆ ಉರಿಯಲು ಇಂಧನ ಸಾಲದು. ಸುಮಾರು ಶೇ. 7.6ಕ್ಕಿಂತ ಹೆಚ್ಚಿದ್ದರೆ ಆಮ್ಲಜನಕ ಸಾಲದು. ಇವೆರಡರ ನಡುವಿನದು ಸ್ಫೋಟದ ವಲಯ. ಮೊದಲನೆಯದನ್ನು ಸ್ಫೋಟದ ಕೆಳಮಿತಿ, ಎರಡನೆಯದನ್ನು ಮೇಲ್ಮಿತಿ ಎನ್ನೋಣ.

200 ಲೀಟರಿನ ಒಂದು ಟ್ಯಾಂಕನ್ನು ತೆಗೆದುಕೊಳ್ಳಿ. ಅದರ ಶೇ. 1.4 ಎಂದರೆ 2.8 ಲೀಟರ್ ಆವಿ. ಒಂದು ಮಿಲಿಲೀಟರ್ ಪೆಟ್ರೋಲ್ ಪೂರ್ತಿ ಆವಿಯಾದರೆ ಸುಮಾರು 0.2 ಲೀಟರ್ ಜಾಗ ತುಂಬುತ್ತದೆ. ಹಾಗಾದರೆ ಬೇಕಾದ ಪೆಟ್ರೋಲ್ ಸುಮಾರು 14 ಮಿಲಿಲೀಟರ್, ಅಂದರೆ ಮೂರು ಟೀ ಚಮಚದಷ್ಟು! ಟ್ಯಾಂಕನ್ನು ತಲೆಕೆಳಗು ಮಾಡಿ ಸುರಿದ ಮೇಲೂ ಗೋಡೆಗಳಿಗೆ ಅಂಟಿದ, ಒಳಗಿನ ಅಡ್ಡತಗಡುಗಳ ಬುಡದಲ್ಲಿ ನಿಂತ, ಬೆಸುಗೆಯ ಸಂದುಗಳಲ್ಲಿ ಇಳಿದ ಇಂಧನ ಇದಕ್ಕಿಂತ ಹೆಚ್ಚೇ ಇರುತ್ತದೆ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಪೆಟ್ರೋಲ್ ತುಂಬಿದ ಟ್ಯಾಂಕಿನಲ್ಲಿ ದ್ರವದ ಮೇಲಿರುವ ಆವಿ ನಮ್ಮ ಹವೆಯಲ್ಲಿ ಮೇಲ್ಮಿತಿಯನ್ನು ಎಷ್ಟೋ ದಾಟಿರುತ್ತದೆ. ಒಳಗೆ ಉರಿಯಲು ಗಾಳಿ ಸಾಲದು. ನಾವು ಖಾಲಿ ಮಾಡಿ, ಮುಚ್ಚಳ ತೆರೆದು, ಗಾಳಿಯಾಡಲು ಬಿಟ್ಟಾಗ ಆವಿ ಇಳಿಯುತ್ತಾ ಬಂದು ಆ ಸ್ಫೋಟದ ವಲಯದೊಳಕ್ಕೇ ಪ್ರವೇಶಿಸುತ್ತದೆ. ಅದನ್ನು ದಾಟಿ ಕೆಳಗಿಳಿದರೆ ಮಾತ್ರ ಕ್ಷೇಮ. ‘ಸ್ವಲ್ಪ ಹೊತ್ತು ಗಾಳಿಗಿಟ್ಟೆ’ ಎನ್ನುವವನು ಟ್ಯಾಂಕನ್ನು ಅಪಾಯದಿಂದ ಆಚೆ ತಂದಿದ್ದಾನೋ, ಅಪಾಯದ ನಡುಮಧ್ಯಕ್ಕೆ ತಂದು ನಿಲ್ಲಿಸಿದ್ದಾನೋ ಎಂಬುದು ಅವನಿಗೂ ಗೊತ್ತಿರುವುದಿಲ್ಲ. ಅರೆಮನಸ್ಸಿನ ಸುರಕ್ಷತೆ ಕೆಲವೊಮ್ಮೆ ಏನೂ ಮಾಡದಿರುವುದಕ್ಕಿಂತ ಕೆಟ್ಟದ್ದಾಗುವುದು ಹೀಗೆ.

ಇಂಥ ಬೆರಕೆಗೆ ಕಿಡಿ ತಗಲಲು ಬೇಕಾದ ಶಕ್ತಿ ಸುಮಾರು 0.25 ಮಿಲಿಜೂಲ್. ಮನುಷ್ಯನ ಮೈಯಲ್ಲಿ ಸಂಗ್ರಹವಾದ ಸ್ಥಾಯೀ ವಿದ್ಯುತ್ತು ಬೆರಳ ತುದಿಯಿಂದ ಚಟ್ ಎಂದು ಹಾರಿದಾಗ ಬಿಡುಗಡೆಯಾಗುವ ಶಕ್ತಿ ಇದರ ಹತ್ತು ಪಟ್ಟು ಇರಬಲ್ಲುದು. ಮುಚ್ಚಿದ ಪಾತ್ರೆಯಲ್ಲಿ ಈ ಬೆರಕೆ ಉರಿದರೆ ಒತ್ತಡ ವಾಯುಭಾರದ ಏಳೆಂಟು ಪಟ್ಟಿಗೆ ಏರುತ್ತದೆ. ಅದನ್ನು ತಡೆಯುವ ತಗಡನ್ನು ಯಾರೂ ಇಂಧನ ಟ್ಯಾಂಕಿಗೆ ಬಳಸುವುದಿಲ್ಲ.

ಡೀಸೆಲ್‌ಗೆ ಬೆಂಕಿ ಹತ್ತುವುದಿಲ್ಲವೆ?

ಎರಡನೆಯ ಬಾಯಿಮಾತು ನಮ್ಮ ಬಂದರುಗಳಲ್ಲಿ ಇನ್ನೂ ಪ್ರಬಲ: ‘ಇದೇನು ಪೆಟ್ರೋಲೆ? ಡೀಸೆಲ್ ತಾನೆ, ಏನೂ ಆಗುವುದಿಲ್ಲ.’ ಇದಕ್ಕೆ ಕಣ್ಣೆದುರಿನ ಪುರಾವೆಯೂ ಇದೆ. ತಣ್ಣನೆಯ ಡೀಸೆಲ್‌ಗೆ ಬೆಂಕಿಕಡ್ಡಿ ಹಾಕಿದರೆ ಕಡ್ಡಿಯೇ ಆರುತ್ತದೆ. ದೋಣಿ ಕುರಿತ ವಿದೇಶಿ ಪುಸ್ತಕಗಳೂ ಡೀಸೆಲನ್ನು ಸುರಕ್ಷಿತ ಇಂಧನವೆಂದೇ ವರ್ಣಿಸುತ್ತವೆ. ಆದರೆ ಆ ಪುಸ್ತಕಗಳ ಡೀಸೆಲ್ ಯಾವುದು?

ಯಾವುದೇ ದ್ರವ ಇಂಧನವನ್ನು ನಿಧಾನವಾಗಿ ಬಿಸಿಮಾಡುತ್ತಾ ಹೋದರೆ ಒಂದು ಉಷ್ಣತೆಯಲ್ಲಿ ಅದರ ಮೇಲಿನ ಆವಿ ಕಿಡಿ ತೋರಿಸಿದಾಗ ಭಗ್ಗೆಂದು ಒಮ್ಮೆ ಹತ್ತಿಕೊಳ್ಳುತ್ತದೆ. ಅದನ್ನು ಆ ಇಂಧನದ ಫ್ಲ್ಯಾಶ್ ಪಾಯಿಂಟ್ ಎನ್ನುತ್ತಾರೆ. ದ್ರವದ ಮೇಲಿನ ಆವಿ ಸ್ಫೋಟದ ಕೆಳಮಿತಿಯನ್ನು ಮುಟ್ಟಿತು ಎಂಬುದರ ಸೂಚನೆ ಅದು. ಪೆಟ್ರೋಲಿಗೆ ಇದು ಸೊನ್ನೆಗಿಂತ ಸುಮಾರು 40 ಡಿಗ್ರಿ ಸೆಲ್ಸಿಯಸ್ ಕೆಳಗೆ. ಹಾಗಾಗಿ ಅದು ನಮ್ಮಲ್ಲಿ ಸದಾ ಸಿದ್ಧ. ಡೀಸೆಲಿನ ಫ್ಲ್ಯಾಶ್ ಪಾಯಿಂಟ್ ಅಮೆರಿಕದ ಮಾನಕದಂತೆ ಕನಿಷ್ಠ 52 ಡಿಗ್ರಿ ಇರಬೇಕು, ಯುರೋಪಿನ ಮಾನಕದಂತೆ 55 ಡಿಗ್ರಿಗಿಂತ ಹೆಚ್ಚಿರಬೇಕು. ಸಾಗರಯಾನದ ಹಡಗುಗಳ ಇಂಧನಕ್ಕೆ ಅಂತಾರಾಷ್ಟ್ರೀಯ ಒಪ್ಪಂದ ಸಾಮಾನ್ಯವಾಗಿ ವಿಧಿಸುವ ಮಿತಿ 60 ಡಿಗ್ರಿ. ನಮ್ಮ ಐಎಸ್ 1460 ಮಾನಕದಲ್ಲಿ ಸಾಧಾರಣ ಡೀಸೆಲಿಗೆ ಇರುವ ಕನಿಷ್ಠ ಮಿತಿ ಮಾತ್ರ 35 ಡಿಗ್ರಿ. ನೌಕೆಗಳಿಗೆಂದೇ ಇರುವ 66 ಡಿಗ್ರಿಯ ಬೇರೊಂದು ದರ್ಜೆ ಇದೆ, ಆದರೆ ಬಂಕಿನಲ್ಲಿ ಸಿಗುವ ಸಾಧಾರಣ ಡೀಸೆಲ್ ಅದಲ್ಲ. ಸೀಮೆಎಣ್ಣೆಗೂ ನಮ್ಮ ಮಾನಕದ ಕನಿಷ್ಠ ಮಿತಿ 35 ಡಿಗ್ರಿಯೇ.

ಇವು ಕನಿಷ್ಠ ಮಿತಿಗಳು, ಬಂಕಿನಲ್ಲಿ ಸಿಗುವ ಡೀಸೆಲ್ ಇದಕ್ಕಿಂತ ಉತ್ತಮವಾಗಿಯೂ ಇರಬಹುದು. ಪರೀಕ್ಷೆಯ ಉಪಕರಣಗಳೂ ದೇಶದಿಂದ ದೇಶಕ್ಕೆ ಸ್ವಲ್ಪ ಬೇರೆ. ಆದರೂ ಸುರಕ್ಷತೆಯ ಲೆಕ್ಕವನ್ನು ಕನಿಷ್ಠದಿಂದಲೇ ಹಾಕಬೇಕು. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಕಾದ ಡೆಕ್ಕಿನ ಅಡಿಯಲ್ಲಿ, ಆಗಷ್ಟೇ ನಿಲ್ಲಿಸಿದ ಎಂಜಿನ್ನಿನ ಪಕ್ಕದಲ್ಲಿರುವ ಟ್ಯಾಂಕು 35 ಡಿಗ್ರಿ ಮುಟ್ಟುವುದು ಕಷ್ಟವೆ? ವಿದೇಶಿ ಪುಸ್ತಕ ತನ್ನ ಡೀಸೆಲಿನ ಬಗ್ಗೆ, ತನ್ನ ತಂಪು ಹವೆಯ ಬಗ್ಗೆ ಹೇಳಿದ್ದನ್ನು ನಾವು ನಮ್ಮ ಡೀಸೆಲಿಗೆ, ನಮ್ಮ ಹವೆಗೆ ಅನ್ವಯಿಸಿಕೊಂಡಿದ್ದೇವೆ. ಇದು ಅನುವಾದದ ತಪ್ಪಲ್ಲ, ಅನ್ವಯದ ತಪ್ಪು.

‘ಮಳೆಗಾಲದಲ್ಲಿ ಹವೆ ತಂಪು, ಆಗ ಡೀಸೆಲ್ ಟ್ಯಾಂಕು ಕ್ಷೇಮ ತಾನೆ?’ ಎಂದು ನೀವು ಕೇಳಬಹುದು. ಹವೆ ತಂಪಿದ್ದರೂ ವೆಲ್ಡಿಂಗಿನ ಅಡಿಯಲ್ಲಿರುವ ತಗಡು ತಂಪಾಗಿರುವುದಿಲ್ಲ. ಅದರ ಒಳಮೈಗೆ ಅಂಟಿದ ಎಣ್ಣೆಯ ಪೊರೆ ಕ್ಷಣಾರ್ಧದಲ್ಲಿ ಆವಿಯಾಗುತ್ತದೆ. ಕೆಲಸ ಶುರುವಾಗುವ ಮೊದಲು ಪರೀಕ್ಷಿಸಿದರೆ ಏನೂ ಇಲ್ಲದ ಟ್ಯಾಂಕು, ಕೆಲಸ ಶುರುವಾದ ಮೇಲೆ ತನ್ನ ಆವಿಯನ್ನು ತಾನೇ ತಯಾರಿಸಿಕೊಳ್ಳುತ್ತದೆ. ಸೀಮೆಎಣ್ಣೆಯ ಆವಿಗೆ ಸ್ಫೋಟದ ಕೆಳಮಿತಿ ಸುಮಾರು ಶೇ. 0.7, ಅಂದರೆ ಪೆಟ್ರೋಲಿನ ಅರ್ಧದಷ್ಟು ಮಾತ್ರ. ಜೊತೆಗೆ ಮಳೆಗಾಲದಲ್ಲಿ ಬೋಟಿಗೆ ಟಾರ್ಪಾಲು ಹೊದಿಸಿರುತ್ತಾರೆ. ನೀರು ಒಳಬರುವುದಿಲ್ಲ, ಆವಿಯೂ ಹೊರಹೋಗುವುದಿಲ್ಲ.

ಖಾಲಿ ಟ್ಯಾಂಕು ಮತ್ತು ‘ಕ್ಷೇಮವಾದ’ ಇಂಧನ, ಈ ಎರಡೂ ನಂಬಿಕೆಗಳನ್ನು ಒಟ್ಟಿಗೆ ಅಲುಗಾಡಿಸಿದ ಘಟನೆಯೊಂದು ವಿಮಾನಯಾನದ ಇತಿಹಾಸದಲ್ಲಿದೆ. 1996ರ ಜುಲೈ 17ರಂದು ನ್ಯೂಯಾರ್ಕಿನಿಂದ ಪ್ಯಾರಿಸಿಗೆ ಹೊರಟ ಟಿಡಬ್ಲ್ಯುಎ ಸಂಸ್ಥೆಯ 800ನೆಯ ಸಂಖ್ಯೆಯ ಬೋಯಿಂಗ್ 747 ವಿಮಾನ ಆಕಾಶದಲ್ಲೇ ಒಡೆದು ಅದರಲ್ಲಿದ್ದ 230 ಮಂದಿಯೂ ಸತ್ತರು. ಸುದೀರ್ಘ ತನಿಖೆ ನಡೆಸಿದ ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ 2000ದಲ್ಲಿ ತೀರ್ಮಾನಕ್ಕೆ ಬಂತು: ಸ್ಫೋಟಿಸಿದ್ದು ರೆಕ್ಕೆಗಳ ನಡುವಿನ ಇಂಧನ ಟ್ಯಾಂಕಿನೊಳಗಿದ್ದ ಆವಿ. ಸಾವಿರಾರು ಗ್ಯಾಲನ್ ಹಿಡಿಯುವ ಆ ಟ್ಯಾಂಕಿನಲ್ಲಿ ಆಗ ಉಳಿದಿದ್ದದ್ದು ಸುಮಾರು 50 ಗ್ಯಾಲನ್, ಅಂದರೆ 190 ಲೀಟರಿನಷ್ಟು. ಇಂಧನ ಸೀಮೆಎಣ್ಣೆಯ ಜಾತಿಯದು. ಅದರ ಫ್ಲ್ಯಾಶ್ ಪಾಯಿಂಟಿಗೆ ಮಾನಕ ವಿಧಿಸಿದ ಕನಿಷ್ಠ ಮಿತಿ 38 ಡಿಗ್ರಿ. ಟ್ಯಾಂಕಿನ ಕೆಳಗಿದ್ದ ಹವಾನಿಯಂತ್ರಣ ಯಂತ್ರಗಳು ಅದನ್ನು ಬಿಸಿಮಾಡಿದ್ದವು. ಮೇಲೇರಿದಂತೆ ವಾಯುಭಾರ ಕಡಿಮೆಯಾಗಿ ಆವಿ ಹತ್ತಿಕೊಳ್ಳಲು ಬೇಕಾದ ಉಷ್ಣತೆಯೂ ಇಳಿದಿತ್ತು. ಕಿಡಿಯ ಮೂಲವನ್ನು ಮಂಡಳಿ ಖಚಿತವಾಗಿ ಗುರುತಿಸಲಾಗಲಿಲ್ಲ. ಟ್ಯಾಂಕಿನ ಹೊರಗಿನ ತಂತಿಗಳಲ್ಲಾದ ಶಾರ್ಟ್ ಸರ್ಕ್ಯೂಟ್ ಕಾರಣವಾಗಿರುವ ಸಂಭವ ಹೆಚ್ಚು ಎಂದಿತು. 2008ರಲ್ಲಿ ಅಲ್ಲಿನ ವಿಮಾನಯಾನ ಆಡಳಿತ ಇಂಥ ಟ್ಯಾಂಕುಗಳಲ್ಲಿ ಹತ್ತಿಕೊಳ್ಳಬಲ್ಲ ಆವಿ ಇರುವ ಸಂದರ್ಭವನ್ನೇ ತಗ್ಗಿಸಬೇಕೆಂಬ ನಿಯಮ ತಂದಿತು. ಸಾರಜನಕ ತುಂಬುವುದು ಅದಕ್ಕೆ ಒಂದು ವಿಧಾನ. ಕಿಡಿಯೊಂದನ್ನೇ ತಡೆಯುತ್ತೇನೆಂದರೆ ಸಾಲದು, ಉರಿಯುವ ಬೆರಕೆಯೇ ಇರದಂತೆ ನೋಡಿಕೊಳ್ಳಬೇಕು ಎಂಬುದು ಆ ದುರಂತ ಕಲಿಸಿದ ಪಾಠ. ಟ್ಯಾಂಕಿನ ಮೇಲೆ ‘ಬೀಡಿ ಸೇದಬೇಡಿ’ ಎಂದಷ್ಟೇ ಬರೆಯುವ ನಾವು ಇನ್ನೂ ಕಿಡಿಯ ಹಂತದಲ್ಲೇ ಇದ್ದೇವೆ.

ನಾಡದೋಣಿಗಳ ವಿಷಯದಲ್ಲಿ ಇನ್ನೊಂದು ತೊಡಕಿದೆ. ಅವುಗಳ ಸೀಮೆಎಣ್ಣೆಯ ಔಟ್‌ಬೋರ್ಡ್ ಎಂಜಿನ್ನನ್ನು ಪೆಟ್ರೋಲಿನಲ್ಲಿ ಚಾಲೂ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಬದಲಾಯಿಸುತ್ತಾರೆ. ಎರಡೂ ಇಂಧನ ಒಂದೇ ದೋಣಿಯಲ್ಲಿ, ಎಷ್ಟೋ ಸಲ ಒಂದೇ ಬಗೆಯ ಕ್ಯಾನುಗಳಲ್ಲಿ ಇರುತ್ತವೆ. ಸೀಮೆಎಣ್ಣೆಗೆ ಸ್ವಲ್ಪ ಪೆಟ್ರೋಲ್ ಬೆರೆತರೂ ಅದರ ಫ್ಲ್ಯಾಶ್ ಪಾಯಿಂಟ್ ಬಹಳ ಕೆಳಗಿಳಿಯುತ್ತದೆ. ‘ಇದು ಸೀಮೆಎಣ್ಣೆಯ ಟ್ಯಾಂಕು’ ಎಂಬ ಮಾತನ್ನು ಅಲ್ಲಿ ನಂಬುವಂತಿಲ್ಲ. ಅನುಮಾನವಿದ್ದ ಟ್ಯಾಂಕನ್ನೆಲ್ಲ ಪೆಟ್ರೋಲ್ ಟ್ಯಾಂಕೆಂದೇ ಭಾವಿಸಬೇಕು.

ಮೂಗು ಮತ್ತು ಮಾಪಕ

ಮೂರನೆಯ ಬಾಯಿಮಾತು: ‘ವಾಸನೆ ಹೋಗಿದೆ, ಕೆಲಸ ಶುರು ಮಾಡಬಹುದು.’ ಅಮೆರಿಕದ ಚೀಟಿಯೂ ಇಲ್ಲಿ ಅಸ್ಪಷ್ಟ. ಆವಿ ಇದೆಯೇ ಪರೀಕ್ಷಿಸಿ ಎನ್ನುತ್ತದೆ, ಹೇಗೆ ಎಂದು ಹೇಳುವುದಿಲ್ಲ. ಹೆಚ್ಚಿನವರು ಮೂಗನ್ನೇ ಬಳಸುತ್ತಾರೆ.

ಮೂಗು ಬಲು ಸೂಕ್ಷ್ಮ. ಸ್ಫೋಟದ ಕೆಳಮಿತಿಗಿಂತ ಸಾವಿರಾರು ಪಟ್ಟು ಕಡಿಮೆ ಪ್ರಮಾಣದ ಪೆಟ್ರೋಲ್ ಆವಿಯನ್ನೂ ಅದು ಗುರುತಿಸಬಲ್ಲುದು. ಆದ್ದರಿಂದ ವಾಸನೆ ಬಂದರೆ ಎಲ್ಲೋ ಆವಿ ಇದೆ ಎಂಬುದು ಖಚಿತ. ಆದರೆ ಎಷ್ಟಿದೆ ಎಂದು ಅದು ಹೇಳಲಾರದು. ಹೆಚ್ಚು ಹೊತ್ತು ಅದೇ ವಾಸನೆಯಲ್ಲಿದ್ದರೆ ಮೂಗು ಅದಕ್ಕೆ ಒಗ್ಗಿ ಸುಮ್ಮನಾಗಿಬಿಡುತ್ತದೆ. ಬೆಳಗಿನಿಂದ ಎಂಜಿನ್ ಕೋಣೆಯಲ್ಲಿ ಇದ್ದವನ ಮೂಗು ಮಧ್ಯಾಹ್ನದ ಹೊತ್ತಿಗೆ ಸಾಕ್ಷಿ ಹೇಳಲು ಯೋಗ್ಯವಲ್ಲ. ಇದಲ್ಲದೆ ನಿಂತವನ ಮೂಗು ಐದಡಿ ಎತ್ತರದಲ್ಲಿದೆ, ಆವಿ ಅವನ ಪಾದದ ಬಳಿ ಇದೆ. ಒಂದೇ ಮಾತಿನಲ್ಲಿ ಹೇಳುವುದಾದರೆ, ‘ನಿಲ್ಲಿಸು’ ಎನ್ನಲು ಮೂಗು ಸಾಕು. ‘ಶುರು ಮಾಡು’ ಎನ್ನಲು ಸಾಲದು.

ಹಾಗಾದರೆ ಬೇಕಾದದ್ದು ಅನಿಲ ಮಾಪಕ. ಇದು ಆವಿಯನ್ನು ಸ್ಫೋಟದ ಕೆಳಮಿತಿಯ ಶೇಕಡಾ ಲೆಕ್ಕದಲ್ಲಿ ತೋರಿಸುತ್ತದೆ. 100 ಎಂದು ತೋರಿಸಿದರೆ ಕೆಳಮಿತಿ ಮುಟ್ಟಿತು ಎಂದರ್ಥ. 10 ಎಂದರೆ ಪೆಟ್ರೋಲಿನ ಮಟ್ಟಿಗೆ ಗಾಳಿಯಲ್ಲಿ ಶೇ. 0.14 ಆವಿ. ಆದರೆ ವಿಮರ್ಶೆಯಿಂದ ಮಾಪಕಕ್ಕೂ ವಿನಾಯಿತಿ ಬೇಡ. ಹೆಚ್ಚು ಬಳಕೆಯಲ್ಲಿರುವ ಮಾದರಿಯಲ್ಲಿ ಆವಿಯನ್ನು ಒಂದು ಪುಟ್ಟ ಬಿಸಿ ಮಣಿಯ ಮೇಲೆ ಉರಿಸಿ ಅಳೆಯುತ್ತಾರೆ. ಉರಿಯಲು ಆಮ್ಲಜನಕ ಬೇಕು. ಆವಿ ವಿಪರೀತ ದಟ್ಟವಾಗಿದ್ದಾಗ ಅಥವಾ ಟ್ಯಾಂಕಿಗೆ ಜಡ ಅನಿಲ ತುಂಬಿದಾಗ ಈ ಮಾಪಕ ನಿಜಕ್ಕಿಂತ ಬಹಳ ಕಡಿಮೆ ತೋರಿಸಬಹುದು. ಡೀಸೆಲಿನ ಭಾರವಾದ ಆವಿ ಮಾಪಕದ ಹೀರುಕೊಳವೆಯಲ್ಲೇ ತಣ್ಣಗಾಗಿ ಅಂಟಿಕೊಂಡು ಒಳಗೆ ತಲುಪದೆಯೂ ಹೋಗಬಹುದು. ಆಮ್ಲಜನಕವನ್ನೂ ಜೊತೆಗೆ ಅಳೆಯುವ ಮಾಪಕ ಬೇಕು, ಅದರ ನಿಖರತೆಯನ್ನು ಕಾಲಕಾಲಕ್ಕೆ ಪರೀಕ್ಷಿಸಿರಬೇಕು, ಟ್ಯಾಂಕಿನ ಮೇಲೆ, ನಡುವೆ, ತಳದಲ್ಲಿ ಮೂರೂ ಕಡೆ ಅಳೆಯಬೇಕು ಎನ್ನುವುದು ಇದೇ ಕಾರಣಕ್ಕೆ.

ಏಳು ಪಾಠಗಳ ಪ್ರಕಟಣೆ

ಈ ವಿಷಯದಲ್ಲಿ ಓದಲೇಬೇಕಾದ ಬರಹವೊಂದಿದೆ. ಅಮೆರಿಕದ ರಾಸಾಯನಿಕ ಸುರಕ್ಷತಾ ಮಂಡಳಿ 2010ರಲ್ಲಿ ಟ್ಯಾಂಕುಗಳ ಮೇಲೆ ಮತ್ತು ಸುತ್ತಮುತ್ತ ವೆಲ್ಡಿಂಗ್, ಕತ್ತರಿಸುವಿಕೆಗಳಂಥ ಬಿಸಿ ಕೆಲಸ ಮಾಡುವವರಿಗಾಗಿ ಏಳು ಪಾಠಗಳ ಕಿರು ಪ್ರಕಟಣೆ ಹೊರತಂದಿತು. 1990ರಿಂದೀಚೆಗೆ ಇಂಥ ಕೆಲಸದಲ್ಲಿ 60ಕ್ಕೂ ಹೆಚ್ಚು ಮಂದಿ ಸತ್ತಿರುವುದನ್ನು ಗುರುತಿಸಿ ಬರೆದದ್ದು ಅದು. ದೋಣಿಗಾಗಿ ಬರೆದದ್ದಲ್ಲ, ಕಾರ್ಖಾನೆಗಳಿಗಾಗಿ. ಆದರೂ ನಾಲ್ಕು ನಿಮಿಷದ ಚೀಟಿಗಿಂತ ನಮ್ಮ ವೆಲ್ಡರನಿಗೆ ಹತ್ತಿರದ್ದು.

ಅದರ ದೊಡ್ಡ ಗುಣ ಪಾಠಗಳ ಕ್ರಮದಲ್ಲಿದೆ. ಮೊದಲ ಪಾಠ, ಬಿಸಿ ಕೆಲಸವನ್ನೇ ತಪ್ಪಿಸಲು ಸಾಧ್ಯವೇ ನೋಡಿ ಎಂಬುದು. ಅಪಾಯವನ್ನು ವಿಶ್ಲೇಷಿಸುವುದು, ವಾತಾವರಣವನ್ನು ಅಳೆಯುವುದು, ಸುತ್ತಲಿನ ಜಾಗವನ್ನೂ ಪರೀಕ್ಷಿಸುವುದು, ಲಿಖಿತ ಅನುಮತಿ ಪಡೆಯುವುದು, ತರಬೇತಿ ನೀಡುವುದು, ಗುತ್ತಿಗೆದಾರರ ಮೇಲೆ ನಿಗಾ ಇಡುವುದು ಆಮೇಲಿನವು. ಕೆಲಸಕ್ಕೆ ಮೊದಲು ಮಾತ್ರವಲ್ಲ, ಕೆಲಸ ನಡೆಯುತ್ತಿರುವಾಗಲೂ ಆವಿಯನ್ನು ಅಳೆಯುತ್ತಿರಬೇಕೆಂದು ಅದು ಒತ್ತಿ ಹೇಳುತ್ತದೆ. ಬಿಸಿಗೆ ಹೊಸ ಆವಿ ಹುಟ್ಟುತ್ತದೆಂದು ನಾವು ಆಗಲೇ ನೋಡಿದೆವಲ್ಲ, ಅದಕ್ಕೆ ಉತ್ತರ ಇಲ್ಲಿದೆ.

ಇದರ ಕೊರತೆ? ಅನುಮತಿ ಕೊಡಲು ಒಬ್ಬ ಅಧಿಕಾರಿ, ಅಳೆಯಲು ಒಬ್ಬ ತಂತ್ರಜ್ಞ, ನಿಗಾ ಇಡಲು ಒಬ್ಬ ಮೇಲ್ವಿಚಾರಕ ಇರುವ ಸಂಸ್ಥೆಯೊಂದನ್ನು ಅದು ಕಲ್ಪಿಸಿಕೊಳ್ಳುತ್ತದೆ. ನಮ್ಮ ದುರಸ್ತಿ ಅಂಗಳದಲ್ಲಿ ಈ ಮೂವರೂ ಒಬ್ಬನೇ, ಅವನ ಕೈಯಲ್ಲೇ ವೆಲ್ಡಿಂಗ್ ಹೋಲ್ಡರ್ ಇರುತ್ತದೆ. ಬೋಟಿನ ಮಾಲೀಕರಿಗೆ ನಿಷೇಧದ ಅವಧಿ ಮುಗಿಯುವುದರೊಳಗೆ ಕೆಲಸವಾಗಬೇಕು. ವೆಲ್ಡರನಿಗೆ ಆ ದಿನದ ಕೂಲಿ ಬೇಕು. ‘ಇವತ್ತು ಬೇಡ’ ಎನ್ನುವ ಅಧಿಕಾರ ಯಾರಿಗೂ ಇಲ್ಲ. ಏಳು ಪಾಠಗಳಲ್ಲಿ ಇದಕ್ಕೆ ಉತ್ತರವಿಲ್ಲ, ಇರಬೇಕೆಂದು ನಿರೀಕ್ಷಿಸುವುದೂ ತಪ್ಪು. ಅದನ್ನು ಬರೆಯಬೇಕಾದವರು ನಾವು.

ನಮ್ಮ ಕರಾವಳಿಗೆ ಬೇಕಾದ ಎಚ್ಚರಿಕೆ

ದೋಷ ಹೇಳಿದವನು ಪರಿಹಾರವನ್ನೂ ಸೂಚಿಸಬೇಕಾಗುತ್ತದೆ. ಇದುವರೆಗಿನ ಚರ್ಚೆಯಿಂದ ಹೊರಡುವ ಕ್ರಮ ಇಂತಿದೆ. ಇದನ್ನು ಓದಿದ ಮಾತ್ರಕ್ಕೆ ಟ್ಯಾಂಕಿನ ವೆಲ್ಡಿಂಗಿಗೆ ಕೈಹಾಕಬೇಡಿ. ಆ ಕೆಲಸ ತರಬೇತಿ ಪಡೆದವರದು. ಆದರೆ ಅವರನ್ನು ಕೆಲಸಕ್ಕೆ ಕರೆಯುವ ನೀವು ಏನನ್ನು ಕೇಳಬೇಕು, ಏನನ್ನು ನೋಡಬೇಕು ಎಂಬುದನ್ನು ಇದು ಹೇಳುತ್ತದೆ.

1. ಹಳೆಯ ಟ್ಯಾಂಕಿಗೆ ತೇಪೆ ಹಾಕುವುದಕ್ಕಿಂತ ಹೊಸದನ್ನು ಕೂರಿಸುವುದು ಸಾಧ್ಯವೆ? ಸಾಧ್ಯವಿದ್ದರೆ ಅದೇ ಮೊದಲ ಆಯ್ಕೆ. ಟ್ಯಾಂಕಿನ ಬೆಲೆಯನ್ನು ಬೋಟಿನ ಬೆಲೆಯೊಂದಿಗೆ, ಜೀವದೊಂದಿಗೆ ಹೋಲಿಸಿ ನೋಡಿ.

2. ಆವಿ ಇನ್ನೂ ಇಲ್ಲದಿರುವಾಗಲೇ, ಅಂದರೆ ಟ್ಯಾಂಕು ತೆರೆಯುವ ಮೊದಲೇ, ಬ್ಯಾಟರಿಯ ಸಂಪರ್ಕ ಕಳಚಬೇಕು. ತಳದಲ್ಲಿ ಆವಿ ನಿಂತಿರುವ ಅನುಮಾನವಿದ್ದರೆ ಯಾವ ಸ್ವಿಚ್ಚನ್ನೂ ಮುಟ್ಟಬಾರದು, ಬ್ಯಾಟರಿಯ ತಂತಿಯನ್ನೂ ಎಳೆಯಬಾರದು. ಮೊದಲು ಎಲ್ಲ ಮುಚ್ಚಳ ತೆರೆದು ಗಾಳಿಯಾಡಲು ಬಿಡಿ. ತಳದ ನೀರೆತ್ತುವ ಪಂಪು ತಾನಾಗಿ ಚಾಲೂ ಆಗುವಂಥದ್ದೇ ಎಂದು ನೋಡಿಕೊಳ್ಳಿ. ಅದರ ಸ್ವಿಚ್ಚಿನ ಕಿಡಿ ಯಾರ ಅಪ್ಪಣೆಗೂ ಕಾಯುವುದಿಲ್ಲ.

3. ಇಂಧನವನ್ನು ಕೈಪಂಪಿನಿಂದ ಲೋಹದ ಕ್ಯಾನಿಗೆ ತೆಗೆಯಬೇಕು. ಟ್ಯಾಂಕನ್ನೂ ಕ್ಯಾನನ್ನೂ ತಂತಿಯಿಂದ ಜೋಡಿಸಿರಬೇಕು, ಇಲ್ಲವಾದರೆ ಹರಿಯುವ ಇಂಧನವೇ ಸ್ಥಾಯೀ ವಿದ್ಯುತ್ತನ್ನು ಹುಟ್ಟಿಸುತ್ತದೆ. ಮನೆಬಳಕೆಯ ವ್ಯಾಕ್ಯೂಮ್ ಕ್ಲೀನರನ್ನು ಇದಕ್ಕೆ ಎಂದೂ ಬಳಸಬಾರದು. ಅದರ ಮೋಟಾರಿನಲ್ಲಿ ಸದಾ ಕಿಡಿ ಹಾರುತ್ತಿರುತ್ತದೆ.

4. ಟ್ಯಾಂಕನ್ನು ಕಳಚಿ ಬೋಟಿನಿಂದ ಹೊರಗೆ, ಬಯಲಿಗೆ ತರಬೇಕು. ಬೋಟಿನೊಳಗೇ ಇಟ್ಟು ವೆಲ್ಡಿಂಗ್ ಮಾಡುವುದನ್ನು ಒಪ್ಪಬಾರದು. ತೆಗೆಯಲು ಬಾರದಂತೆ ಕಟ್ಟಿದ ಟ್ಯಾಂಕಾದರೆ ಪರಿಣತರ ಸಲಹೆಯಿಲ್ಲದೆ ಮುಂದುವರಿಯಬಾರದು.

5. ತಣ್ಣೀರಿನಲ್ಲಿ ಒಮ್ಮೆ ಕುಲುಕಿ ಚೆಲ್ಲಿದರೆ ಎಣ್ಣೆಯ ಪೊರೆ ಹೋಗುವುದಿಲ್ಲ. ಮಾರ್ಜಕ ಬೆರೆಸಿದ ಬಿಸಿನೀರಿನಿಂದ, ಅಡ್ಡತಗಡುಗಳ ಹಿಂದೆಯೂ ತಲುಪುವಂತೆ, ಹಲವು ಬಾರಿ ತೊಳೆಯಬೇಕು. ತೊಳೆದ ನೀರನ್ನು ಕಡಲಿಗಾಗಲಿ ಚರಂಡಿಗಾಗಲಿ ಬಿಡಬಾರದು.

6. ಅಳೆಯದೆ ಕಿಡಿ ಹಚ್ಚಬಾರದು. ಕೆಳಮಿತಿಯ ಶೇ. 10ಕ್ಕಿಂತ ಹೆಚ್ಚು ತೋರಿಸಿದರೆ ಬಿಸಿ ಕೆಲಸದ ಮಾತೇ ಇಲ್ಲ. ಅಷ್ಟರೊಳಗಿದ್ದರೂ ಸೊನ್ನೆಗೆ ಬರುವವರೆಗೆ ತೊಳೆಯುವುದು ಒಳ್ಳೆಯದು. ಊಟಕ್ಕೆ ಹೋಗಿ ಬಂದರೂ ಮತ್ತೆ ಅಳೆಯಬೇಕು.

7. ಅಳೆದ ಮೇಲೂ ಒಳಗಿನ ಗಾಳಿಯ ಜಾಗವನ್ನು ಕಡಿಮೆ ಮಾಡುವುದು ಜಾಣತನ. ವೆಲ್ಡಿಂಗ್ ಮಾಡುವ ಜಾಗಕ್ಕಿಂತ ಸ್ವಲ್ಪ ಕೆಳಗಿನವರೆಗೆ ನೀರು ತುಂಬಿಸಿ, ಮೇಲಿನ ಬಾಯಿಯನ್ನು ತೆರೆದಿಟ್ಟರೆ ಸ್ಫೋಟಿಸಲು ಜಾಗವೇ ಉಳಿಯುವುದಿಲ್ಲ. ಸಾವಿರ ಲೀಟರ್ ನೀರು ಒಂದು ಟನ್ ತೂಗುತ್ತದೆ ಎಂಬುದು ನೆನಪಿರಲಿ. ಟ್ಯಾಂಕಿನ ಅಡಿಯ ಆಧಾರ ಭದ್ರವಾಗಿರಬೇಕು.

8. ಸಾರಜನಕ ಅಥವಾ ಇಂಗಾಲದ ಡೈಆಕ್ಸೈಡ್ ತುಂಬುವ ವಿಧಾನ ಪರಿಣಾಮಕಾರಿ. ಆದರೆ ಅದು ಉಸಿರನ್ನೂ ಕಸಿಯುತ್ತದೆ. ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರವಾದ್ದರಿಂದ ಬೋಟಿನ ತಳದಲ್ಲಿ ತುಂಬಿಕೊಂಡು ಇಳಿದವನನ್ನು ಕೊಲ್ಲಬಲ್ಲುದು. ‘ಎಂಜಿನ್ನಿನ ಹೊಗೆ ಬಿಟ್ಟರೂ ಆಯಿತು’ ಎಂಬ ಮಾತನ್ನಂತೂ ನಂಬಲೇಬಾರದು. ಸುಮ್ಮನೆ ಓಡುವ ಡೀಸೆಲ್ ಎಂಜಿನ್ನಿನ ಹೊಗೆಯಲ್ಲಿ ಬೆಂಕಿಗೆ ಸಾಕಾಗುವಷ್ಟು ಆಮ್ಲಜನಕ ಉಳಿದೇ ಇರುತ್ತದೆ.

ಈ ಎಂಟರ ಜೊತೆಗೆ ಇನ್ನೊಂದು ಮಾತು. ದುಬಾರಿ ಎನಿಸುವ ಅನಿಲ ಮಾಪಕವನ್ನು ಪ್ರತಿಯೊಬ್ಬ ವೆಲ್ಡರ್ ಕೊಳ್ಳಬೇಕಾಗಿಲ್ಲ. ಒಂದು ಬಂದರಿಗೆ ಎರಡು ಮಾಪಕ, ಅದನ್ನು ಬಳಸಲು ಕಲಿತ ಇಬ್ಬರು ಸಾಕು. ಮೀನುಗಾರರ ಸಹಕಾರ ಸಂಘಗಳು ಬಲೆ, ಮಂಜುಗಡ್ಡೆ, ಡೀಸೆಲ್‌ಗಳ ವ್ಯವಸ್ಥೆಯನ್ನು ನಿಭಾಯಿಸುತ್ತಿರುವಾಗ ಇದೇನೂ ಆಗದ ಕೆಲಸವಲ್ಲ. ಅಳೆದವರು ದಿನಾಂಕ, ವೇಳೆ, ಅಳತೆ ಬರೆದು ಸಹಿ ಮಾಡಿದ ಚೀಟಿ ಇಲ್ಲದೆ ಟ್ಯಾಂಕಿನ ಮೇಲೆ ಬಿಸಿ ಕೆಲಸವಿಲ್ಲ ಎಂಬ ಕಟ್ಟುಪಾಡು ಮಾಡಿಕೊಂಡರೆ, ‘ಇವತ್ತು ಬೇಡ’ ಎನ್ನುವ ಅಧಿಕಾರ ಯಾರಿಗೂ ಇಲ್ಲವೆಂಬ ಕೊರತೆಯೂ ನೀಗುತ್ತದೆ. ವೆಲ್ಡರ್ ಮಾಲೀಕರೊಡನೆ ವಾದಿಸಬೇಕಾಗಿಲ್ಲ, ಚೀಟಿ ಬಂದಿಲ್ಲ ಎಂದರೆ ಸಾಕು.

ಭಾಷೆಯ ವಿಷಯವನ್ನೂ ಮರೆಯುವಂತಿಲ್ಲ. ಎಂಜಿನ್ನಿನ ಜೊತೆ ಬರುವ ಕೈಪಿಡಿ ಇಂಗ್ಲಿಷಿನಲ್ಲಿರುತ್ತದೆ. ಬೋಟಿನಲ್ಲಿ ದುಡಿಯುವವರು ತುಳು, ಕೊಂಕಣಿ, ಕನ್ನಡ ಆಡುವವರು. ಹೊರರಾಜ್ಯಗಳಿಂದ ಬಂದವರೂ ಬಹಳ. ಓದಲು ಬಾರದ ಎಚ್ಚರಿಕೆ ಎಚ್ಚರಿಕೆಯೇ ಅಲ್ಲ. ಕನ್ನಡದಲ್ಲಿ ಬರೆದು ಟ್ಯಾಂಕಿನ ಮೇಲೆ ಅಂಟಿಸಿ, ಓದಲಾಗದವರಿಗೆ ಅವರ ಮಾತಿನಲ್ಲಿ ಹೇಳಿಕೊಡಬೇಕು.

ಆ ಚೀಟಿಯಲ್ಲಿ ಏನಿರಬೇಕು? ನಿಮಿಷಗಳ ಲೆಕ್ಕ ಬೇಡ. ಇಷ್ಟು ಸಾಕು: ‘ಈ ಟ್ಯಾಂಕು ಖಾಲಿ ಕಂಡರೂ ಖಾಲಿಯಲ್ಲ. ಡೀಸೆಲ್ ಆದರೂ ಆವಿ ಸಿಡಿಯುತ್ತದೆ. ಹೊರಗೆ ತನ್ನಿ, ತೊಳೆಯಿರಿ, ಅಳೆಯಿರಿ. ಅಳೆಯಲಾಗದಿದ್ದರೆ ಬೆಂಕಿ ಬೇಡ.’ ಮುಂದಿನ ಜೂನ್ ತಿಂಗಳಿನಲ್ಲಿ ನಿಮ್ಮ ಊರಿನ ದುರಸ್ತಿ ಅಂಗಳದಲ್ಲಿ ಇಂಥದೊಂದು ಚೀಟಿ ಕಾಣದಿದ್ದರೆ ಓದುಗರೇ, ನೀವೇ ಬರೆದು ಅಂಟಿಸಿ.